ನಕ್ಷೆಯಲ್ಲೂ ‘ಹಳ್ಳಿ’ಗೆ ಒತ್ತಕ್ಷರ ಬೇಕು

ಕೋಲಾರದ ಕಡೆ ಕೆರೆಗಳ ಲೆಕ್ಕ ಬರೆದಿಡುವ ನಮ್ಮ ಗೆಳೆಯರ ಗುಂಪೊಂದಿದೆ. ಏರಿ ಎಲ್ಲಿ ಬಿರುಕು ಬಿಟ್ಟಿದೆ, ಯಾವ ತೂಬು ಹೂಳಿನಲ್ಲಿ ಮುಚ್ಚಿದೆ, ಕೋಡಿ ಯಾವಾಗ ಹರಿಯಿತು, ಎಲ್ಲ ಬರೆಯುತ್ತಾರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ಈ ಲೆಕ್ಕಕ್ಕೆ ಬೆಲೆ ಜಾಸ್ತಿಯಾಯಿತು. ಒಂದು ಕೆರೆಯ ಕೋಡಿ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ ಅನ್ನುವುದು ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ನಕ್ಷೆಯೇ ಬೇಕು. ಅವರಿಗಾಗಿ ಮಾಡುತ್ತಿರುವ ಆಪ್‌ಗೆ ನಾನು ನಕ್ಷೆ ಸೇರಿಸಿದ್ದು ಹೀಗೆ.

ಆಪ್ ಇರುವುದು ಫ್ಲಟರ್ ಎಂಬ ಆಪ್ ಕಟ್ಟುವ ಸಾಧನದಲ್ಲಿ. ಒಂದೇ ಕೋಡ್, ಆಂಡ್ರಾಯ್ಡ್‌ಗೂ ಆಯಿತು, ಐಫೋನ್‌ಗೂ ಆಯಿತು. ಫ್ಲಟರ್ ಮ್ಯಾಪ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ನಕ್ಷೆ ಕಾಣಿಸುವುದು ಕಷ್ಟವಲ್ಲ. ಕೆಳಗೆ ಟೈಲ್ ಲೇಯರ್ (ನಕ್ಷೆಯ ಚೌಕ ತುಂಡುಗಳ ಪದರ), ಅದರ ಮೇಲೆ ಕೆರೆಗಳಿಗೆ ಪಾಲಿಗನ್ (ಸುತ್ತುಗೆರೆಯ ಆಕಾರ), ಅದರ ಮೇಲೆ ತೂಬು, ಕೋಡಿಗಳಿಗೆ ಮಾರ್ಕರ್. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಜಾಗಗಳ ವಿವರ ಇಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು, ಪ್ಯಾಕೇಜ್ ಕೇಳುವುದು ಅಕ್ಷಾಂಶ ಮೊದಲು. ಕೋಲಾರ ಸುಮಾರು 13 ಡಿಗ್ರಿ ಉತ್ತರ, 78 ಡಿಗ್ರಿ ಪೂರ್ವ. ಎರಡೂ ಅದಲುಬದಲಾದರೆ ನಮ್ಮ ಕೆರೆಗಳೆಲ್ಲ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂರುತ್ತವೆ!

ಇನ್ನು ಜನರೇ ಸೇರಿ ಮಾಡುವ ಮುಕ್ತ ನಕ್ಷೆಯಾದ ಓಪನ್ ಸ್ಟ್ರೀಟ್ ಮ್ಯಾಪ್‌ನ ಟೈಲ್ ಸರ್ವರ್ ನಡೆಯುವುದು ದಾನದ ಹಣದಲ್ಲಿ. ನಕ್ಷೆಯ ಮೇಲೆ ಅವರ ಹೆಸರು ಹಾಕಬೇಕು, ಆಪ್ ಯಾವುದೆಂದು ಸರ್ವರ್‌ಗೆ ತಿಳಿಸಬೇಕು, ಟೈಲ್‌ಗಳನ್ನು ರಾಶಿಗಟ್ಟಲೆ ಇಳಿಸಿಕೊಳ್ಳಬಾರದು. ಈ ನಿಯಮ ನ್ಯಾಯವಾದದ್ದು. ಕೆರೆ ಏರಿಯ ಮೇಲೆ ಸಿಗ್ನಲ್ ಸಿಗದ ಜಾಗಗಳಿಗಾಗಿ ಜಿಲ್ಲೆಯಷ್ಟು ಭಾಗದ ದತ್ತಾಂಶ ತೆಗೆದುಕೊಂಡು ನಮ್ಮದೇ ಟೈಲ್ ಫೈಲ್ ಮಾಡಿ ಫೋನಿನಲ್ಲೇ ಇಟ್ಟೆವು.

ಇಷ್ಟಾದರೂ ನನಗೆ ಮುಖ್ಯವಾದದ್ದು ಬಾಕಿಯಿತ್ತು. ಊರಿನ ಹೆಸರುಗಳು.

ಗುಂಪಿನಲ್ಲಿ ಕೆರೆ ನೀರು ಹಂಚುವ ನೀರುಗಂಟಿ ಮನೆತನದ ಹಿರಿಯರೊಬ್ಬರಿದ್ದಾರೆ. ಯಾವ ಕಾಲುವೆ ಎಲ್ಲಿ ಕವಲೊಡೆಯುತ್ತದೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಅವರು ಓದುವುದು ಕನ್ನಡ ಮಾತ್ರ. ನಮ್ಮ ಕಡೆ ಓಪನ್ ಸ್ಟ್ರೀಟ್ ಮ್ಯಾಪ್‌ನ ಸಾಮಾನ್ಯ ಟೈಲ್‌ಗಳಲ್ಲಿ ಹೆಸರುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಆ ನಕ್ಷೆಯನ್ನು ಅವರ ಕೈಗೆ ಕೊಟ್ಟು ಏನು ಪ್ರಯೋಜನ?

ವೆಕ್ಟರ್ ಟೈಲ್ (ಸಿದ್ಧ ಚಿತ್ರದ ಬದಲು ದತ್ತಾಂಶ ಇರುವ ಟೈಲ್, ಚಿತ್ರ ಬಿಡಿಸುವುದು ಫೋನೇ) ಆದರೆ ಯಾವ ಭಾಷೆಯ ಹೆಸರು ಬೇಕೋ ಅದನ್ನು ಆರಿಸಿಕೊಳ್ಳಬಹುದು. ಹಾಗಾಗಿ ಮೊದಲು ಅಂಥ ಟೈಲ್ ತೋರಿಸುವ ಒಂದು ವೆಕ್ಟರ್ ಲೈಬ್ರರಿ (ಸಿದ್ಧ ಕೋಡ್) ಹಾಕಿ ನೋಡಿದೆ. ಕನ್ನಡ ಬಂತು, ಆದರೆ ‘ಹಳ್ಳಿ’ ಎಂಬುದು ‘ಹಳ್‌ಳಿ’ ಆಗಿ ಬಂತು. ಗುಡಿಸು, ಕೊಂಬುಗಳೂ ಅಕ್ಷರಕ್ಕೆ ಅಂಟದೆ ದೂರ ನಿಂತಿದ್ದವು. ನಮ್ಮ ಊರುಗಳ ಹೆಸರಿನಲ್ಲಿ ಒತ್ತಕ್ಷರ ಇಲ್ಲದ್ದು ಎಷ್ಟಿದೆ ಹೇಳಿ? ಹಳ್ಳಿ, ಸಂದ್ರ, ಪಟ್ಟಣ, ದೊಡ್ಡದು, ಚಿಕ್ಕದು, ಎಲ್ಲವೂ ಮುರಿದುಬಿದ್ದಿದ್ದವು.

ಕಾರಣ ಹುಡುಕಿದಾಗ ವಿಷಯ ಸ್ವಾರಸ್ಯವಾಗಿತ್ತು. ಈ ಬಗೆಯ ಲೈಬ್ರರಿ ಅಕ್ಷರಗಳ ಚಿತ್ರಗಳನ್ನು ಯೂನಿಕೋಡ್ ಸಂಖ್ಯೆಯ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆ) ಪ್ರಕಾರ 256ರ ಕಟ್ಟುಗಳಾಗಿ ತರಿಸಿಕೊಳ್ಳುತ್ತದೆ. ಕನ್ನಡ ಇರುವುದು 3072ರಿಂದ 3327ರ ಕಟ್ಟಿನಲ್ಲಿ. ಅದೇ ಕಟ್ಟಿನ ಮೊದಲರ್ಧ ತೆಲುಗು. (ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡಿ ಬೆಳೆದ ನನಗೆ ಇದನ್ನು ಕಂಡು ಖುಷಿಯಾಯಿತು.) ಆದರೆ ಒತ್ತಕ್ಷರಕ್ಕೆ ಯೂನಿಕೋಡ್‌ನಲ್ಲಿ ಬೇರೆ ಸಂಖ್ಯೆಯೇ ಇಲ್ಲ. ‘ಳ್ಳಿ’ ಅಂದರೆ ಳ, ಹಲಂತ, ಮತ್ತೊಂದು ಳ, ಗುಡಿಸು, ಹೀಗೆ ನಾಲ್ಕು ಸಂಖ್ಯೆ. ಇವನ್ನು ಕೂಡಿಸಿ ಒಂದು ಆಕಾರ ಮಾಡುವ ನಿಯಮ ಫಾಂಟಿನ ಒಳಗಿರುತ್ತದೆ. ಆ ನಿಯಮ ಓದಿ ನಡೆಸುವುದು ಹಾರ್ಫ್‌ಬಝ್‌ನಂಥ ತಂತ್ರಾಂಶ. ಒಂದು ಸಂಖ್ಯೆಗೆ ಒಂದೇ ಚಿತ್ರ ಅಂತ ಇಟ್ಟುಕೊಂಡರೆ ಕೂಡುವ ಕೆಲಸ ನಡೆಯುವುದೇ ಇಲ್ಲ. ಹಿಂದಿ, ಬಂಗಾಳಿಗೂ ಇದೇ ಪಾಡು.

ಫ್ಲಟರ್ ತನ್ನ ಬರಹಕ್ಕೆಲ್ಲ ಹಾರ್ಫ್‌ಬಝ್ ಬಳಸುತ್ತದೆ. ಹಾಗಾದರೆ ಹೆಸರು ಬರೆಯುವ ಕೆಲಸವನ್ನು ಅದಕ್ಕೇ ಬಿಡಬಹುದು, ಅಲ್ವಾ? ನಕ್ಷೆಯ ಟೈಲ್‌ನಿಂದ ಹೆಸರುಗಳನ್ನೆಲ್ಲ ತೆಗೆದೆ. ರಸ್ತೆ, ಕೆರೆ, ಕಾಲುವೆ ಮಾತ್ರ ಉಳಿಯಿತು. ಪ್ರತಿ ಊರಿನ ಹೆಸರನ್ನೂ ಒಂದು ಮಾರ್ಕರ್ ಮಾಡಿ, ಅದರೊಳಗೆ ಬರಹ ತೋರಿಸುವ ಫ್ಲಟರ್‌ನ ಸಾಮಾನ್ಯ ಟೆಕ್ಸ್ಟ್ ವಿಜೆಟ್ ಇಟ್ಟೆ. ಅಕ್ಷರಗಳು ಅಚ್ಚುಕಟ್ಟಾಗಿ ಬಂದವು. ಹಸಿರಿನ ಮೇಲೂ ನೀಲಿಯ ಮೇಲೂ ಓದಲು ಬರಲಿ ಅಂತ ಅದೇ ಹೆಸರನ್ನು ಹಿಂದೆ ದಪ್ಪ ಬಿಳಿ ಗೆರೆಯಲ್ಲಿ ಬರೆಸಿದೆ. ಮಾರ್ಕರ್‌ನ ಎತ್ತರ ಕೊಂಚ ಧಾರಾಳವಾಗಿರಲಿ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಎತ್ತರದಲ್ಲಿ ನಮ್ಮ ಒತ್ತುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆಪ್ ಜೊತೆಗೇ ಕೊಟ್ಟೆ, ಎಲ್ಲ ಫೋನಿನಲ್ಲೂ ಒಂದೇ ಥರ ಕಾಣುತ್ತದೆ.

ಹೆಸರುಗಳು ಒಂದರ ಮೇಲೊಂದು ಬೀಳದಂತೆ ತಡೆಯುವುದು ಮಾತ್ರ ನಮ್ಮ ಪಾಲಿನ ಕೆಲಸ. ಪರದೆಯಲ್ಲಿರುವ ಊರುಗಳನ್ನು ತಾಲ್ಲೂಕು ಕೇಂದ್ರ, ಹೋಬಳಿ, ಹಳ್ಳಿ ಅಂತ ಸಾಲಾಗಿ ತೆಗೆದುಕೊಳ್ಳುತ್ತೇನೆ. ಆಗಲೇ ಇಟ್ಟ ಹೆಸರಿಗೆ ತಗುಲುವುದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಹತ್ತಿರ ಜೂಮ್ ಮಾಡಿದರೆ ಅದೂ ಕಾಣುತ್ತದೆ. ಹಳೆಯ ಫೋನುಗಳಲ್ಲೂ ಸಲೀಸಾಗಿ ಓಡುತ್ತಿದೆ.

ಈಗ ಉಳಿದಿರುವ ಕೊರತೆ ದತ್ತಾಂಶದ್ದು. ಎಷ್ಟೋ ಹಳ್ಳಿಗಳಿಗೆ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಕನ್ನಡ ಹೆಸರೇ ಇಲ್ಲ. ಇಂಗ್ಲಿಷ್ ಕಾಗುಣಿತದಿಂದ ಯಂತ್ರದ ಕೈಲಿ ಬರೆಸಿದರೆ ದೀರ್ಘ ಎಲ್ಲಿ, ‘ಳ’ ಎಲ್ಲಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಊರಿನವರು ಬರೆದರೇ ಸರಿ. ದಯವಿಟ್ಟು ನಿಮ್ಮ ಊರು ಒಮ್ಮೆ ನೋಡಿ. ಕನ್ನಡದಲ್ಲಿ ಇಲ್ಲದಿದ್ದರೆ ಖಾತೆ ತೆರೆದು, ತಿದ್ದುವ ಪುಟದಲ್ಲಿ ಊರಿನ ಚುಕ್ಕೆ ಆರಿಸಿ, ‘ನೇಮ್:ಕೆಎನ್’ (ಇಂಗ್ಲಿಷ್ ಅಕ್ಷರದಲ್ಲಿ name:kn) ಟ್ಯಾಗ್‌ಗೆ ಹೆಸರು ಬರೆದು ಉಳಿಸಿ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ. ಊರ ಬಾಗಿಲಿನ ಬೋರ್ಡು, ಶಾಲೆಯ ಗೋಡೆ ನೋಡಿ ಬರೆಯಿರಿ. ಕೆರೆಯ ಹೆಸರು ಗೊತ್ತಿದ್ದರೆ ಅದನ್ನೂ ಸೇರಿಸಿ.