ಒಂದೂವರೆ ಸಾವಿರದ ಹೊಳಪು

ಮೂಡಿಗೆರೆ ಕಡೆಯ ಅಜ್ಜನ ಮನೆಯ ಅಟ್ಟ ಖಾಲಿ ಮಾಡುವಾಗ ಕಾಫಿ ಚೀಲದಲ್ಲಿ ಸುತ್ತಿಟ್ಟ ಎರಡು ದೀಪ ಸಿಕ್ಕವು. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕವು, ಹಿಂದೆ ಬೋಗುಣಿಯಂತೆ ಉಬ್ಬಿದ ಡೂಮು, ಬಟ್ಟೆ ಸುತ್ತಿದ ವೈರಿನ ತುಂಡು ಜೋತುಬಿದ್ದಿತ್ತು. ಅಜ್ಜನ ಲ್ಯಾಂಡ್‌ಮಾಸ್ಟರ್ ಕಾರಿನವು ಎಂದು ಅಮ್ಮ ನೋಡಿದೊಡನೆ ಹೇಳಿದಳು. ಕಾರನ್ನು ನಾನು ಕಂಡಿಲ್ಲ. ನಾನು ಹುಟ್ಟುವ ಹೊತ್ತಿಗೆ ಅದು ಗುಜರಿಗೆ ಹೋಗಿಯಾಗಿತ್ತು.

ಬೆಂಗಳೂರಿಗೆ ತಂದ ಮೇಲೆ ನನಗೆ ತಾಳ್ಮೆ ಇರಲಿಲ್ಲ. ಎರಡರಲ್ಲಿ ಒಂದನ್ನು ಎತ್ತಿಕೊಂಡು ಪಾಲಿಶ್ ಅಂಗಡಿಯೊಂದಕ್ಕೆ ಕೊಟ್ಟೆ. ಯಾವುದನ್ನು ಎಂದು ಯೋಚಿಸಲೂ ಇಲ್ಲ, ಕೈಗೆ ಸಿಕ್ಕಿದ್ದು. ಅವರು ನಾಲ್ಕು ದಿನ ಇಟ್ಟುಕೊಂಡು, ಬಫಿಂಗ್ ಮಾಡಿ, ಹೊಸದಾಗಿ ಕ್ರೋಮ್ ಹಾಕಿ, 1800 ರೂಪಾಯಿ ತೆಗೆದುಕೊಂಡರು. ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು, ಅಷ್ಟು ಹೊಳೆಯುತ್ತಿತ್ತು. ಮನೆಗೆ ಬಂದವರಿಗೆಲ್ಲ ತೋರಿಸಿದೆ. ಇನ್ನೊಂದನ್ನೂ ಕೊಡುವವನಿದ್ದೆ, ಅಷ್ಟರಲ್ಲಿ ಗೆಳೆಯನೊಬ್ಬ ಹೇಳಿದ: ‘ಮೊದಲು ಯಾರಿಗಾದರೂ ತೋರಿಸು ಮಾರಾಯ, ಇದಕ್ಕೆಲ್ಲ ಈಗ ಬೆಲೆ ಇದೆಯಂತೆ.’

ಹಾಗೆ ಒಂದು ಶನಿವಾರ ಬೆಳಿಗ್ಗೆ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದಕ್ಕೆ ಹೋದೆ. ಅಲ್ಲಿ ಒಬ್ಬರು ಆಟೋ ಎಲೆಕ್ಟ್ರೀಷಿಯನ್ ಇದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ. ಹಳೆ ಕಾರಿನವರೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಾರೆ. ಅಂಗಡಿ ಎಂದರೆ ಎರಡು ಆಳು ನಿಲ್ಲುವಷ್ಟು ಜಾಗ. ಗೋಡೆ ತುಂಬ ಡೈನಮೋ, ಅದರ ಕಟೌಟ್ ಸ್ವಿಚ್ಚು, ಹಾರ್ನ್, ಬಲ್ಬ್ ಹೋಲ್ಡರ್.

ಎರಡೂ ದೀಪವನ್ನು ಬೆಂಚಿನ ಮೇಲಿಟ್ಟೆ. ಹೊಳೆಯುವುದು ಅವರ ಕಡೆಗೇ ಇರಲಿ ಎಂದು ಬೇಕೆಂದೇ ಮುಂದಿಟ್ಟಿದ್ದೆ. ಅವರ ಕೈ ಅದನ್ನು ದಾಟಿ ಹಿಂದಿನ ಕೊಳಕು ದೀಪಕ್ಕೆ ಹೋಯಿತು.

ಜೇಬಿನಿಂದ ಚಿಕ್ಕ ಅಯಸ್ಕಾಂತ ತೆಗೆದು ರಿಮ್ಮಿಗೆ ಹಿಡಿದರು. ಹಿಡಿಯಲಿಲ್ಲ, ಜಾರಿ ಬೆಂಚಿಗೆ ಬಿತ್ತು. ‘ಹಿತ್ತಾಳೆ,’ ಎಂದರು. ‘ಇಷ್ಟಕ್ಕೇ ನಂಬಬಾರದು. ಈಗ ನಮ್ಮ ದೇಶದಲ್ಲೇ ಹಿತ್ತಾಳೆಯಲ್ಲೂ ನಕಲು ಮಾಡಿ ಹೊರಗೆ ಕಳಿಸ್ತಾರೆ. ಲಂಡನ್ನಿನವನು ಒರಿಜಿನಲ್ ಅಂದುಕೊಂಡು ಕೊಂಡಿರ್ತಾನೆ, ಮಾಲು ಹೋಗಿರೋದು ಇಲ್ಲಿಂದ.’ ಆಮೇಲೆ ಡೂಮನ್ನು ತಿರುಗಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ಒಂದು ಜಾಗವನ್ನು, ಹೆಬ್ಬೆರಳಿನಷ್ಟು ಅಗಲ, ಮೆಲ್ಲಗೆ ಒರೆಸಿದರು. ಕೂದಲಿನಷ್ಟು ತೆಳುವಾದ ಅಕ್ಷರ ಎದ್ದವು. ಲ್ಯೂಕಾಸ್. ಅದರ ಕೆಳಗೆ ಎಸ್‌ಎಫ್‌ಟಿ 700. ಪಕ್ಕದಲ್ಲಿ ಐದಂಕಿಯ ಪಾರ್ಟ್ ನಂಬರ್. ಇನ್ನೊಂದು ಮೂಲೆಯಲ್ಲಿ, ಮಧ್ಯೆ ಜಾಗ ಬಿಟ್ಟು, 11 ಮತ್ತು 56.

‘ಇದೇನು ಸೈಜಾ?’

‘ಜಾತಕ. ಹನ್ನೊಂದನೇ ತಿಂಗಳು, ಐವತ್ತಾರನೇ ಇಸವಿ. ಬರ್ಮಿಂಗ್‌ಹ್ಯಾಮ್‌ನ ಲ್ಯೂಕಾಸ್‌ನವರು ಡೈನಮೋ ಆಗಲಿ, ಡಿಸ್ಟ್ರಿಬ್ಯೂಟರ್ ಆಗಲಿ, ಹೀಗೇ ತಿಂಗಳು-ವರ್ಷ ಒತ್ತಿರ್ತಾರೆ. 700 ಅಂದ್ರೆ ಏಳಿಂಚಿನ ದೀಪ. ಐದೂ ಮುಕ್ಕಾಲು ಇಂಚಿನದು ಬಂದರೆ 576 ಅಂತಿರತ್ತೆ.’

1961ರಲ್ಲಿ ಮದ್ರಾಸಿನ ಪಾಡಿಯಲ್ಲಿ, ಲ್ಯೂಕಾಸ್ ಸಾಮಾನನ್ನು ಇಲ್ಲೇ ಮಾಡುವ ಲ್ಯೂಕಾಸ್-ಟಿವಿಎಸ್ ಕಂಪನಿ ಶುರುವಾಯಿತು. ನಮ್ಮ ದೀಪ ಅದಕ್ಕಿಂತ ಮೊದಲಿನದು, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದು ಬಿಗಿಯಾಯಿತಲ್ಲ, ಆಮೇಲೆ ಇಂಥದ್ದು ಒಡೆದರೆ ಇನ್ನೊಂದು ಸಿಗುವುದು ಕಷ್ಟ. ಅಜ್ಜ ಕಾರು ಮಾರಿದರೂ ದೀಪ ಬಿಚ್ಚಿಟ್ಟುಕೊಂಡಿದ್ದು ಯಾಕೆಂದು ಆಗ ಹೊಳೆಯಿತು.

ಈಗ ಅವರು ಹೊಳೆಯುವ ದೀಪವನ್ನು ಕೈಗೆತ್ತಿಕೊಂಡರು. ಹಿಂಬದಿ ತಿರುಗಿಸಿದರು. ಬೆರಳು ಆಡಿಸಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಆಡಿಸಿದರು. ಅಲ್ಲಿ ಏನೂ ಇರಲಿಲ್ಲ. ಬಫಿಂಗ್ ಚಕ್ರ ಅಕ್ಷರ, ಅಂಕಿ ಎಲ್ಲವನ್ನೂ ನುಂಗಿತ್ತು.

‘ಯಾರಿಗೆ ಕೊಟ್ಟಿದ್ರಿ?’

ಹೇಳಿದೆ. ಅವರು ಏನೂ ಅನ್ನಲಿಲ್ಲ, ರಿಮ್ ಬಿಚ್ಚಿ ಒಳಗೆ ಬೆಳಕು ಬಿಟ್ಟು ತೋರಿಸಿದರು. ರಿಫ್ಲೆಕ್ಟರನ್ನೂ ಉಜ್ಜಿಬಿಟ್ಟಿದ್ದರು. ಸುತ್ತುಸುತ್ತಾಗಿ ಗೀರು, ನಡುವೆ ಬೆಳ್ಳಿಯ ಬಣ್ಣ ಹೋಗಿ ಒಳಗಿನ ಹಳದಿ ಇಣುಕುತ್ತಿತ್ತು. ಲ್ಯೂಕಾಸ್ ರಿಫ್ಲೆಕ್ಟರಿಗೆ ಕಣ್ಣಿಗೆ ಕಾಣದ ತೆಳು ಲೇಪನವೊಂದು ಇರುತ್ತದೆ. ಬೆರಳಚ್ಚು ಬಿದ್ದರೆ ಮೆತ್ತನೆ ಬಟ್ಟೆಯಲ್ಲೋ ಶಾಮಿ ಚರ್ಮದಲ್ಲೋ ಒರೆಸಬೇಕು, ಲೋಹದ ಪಾಲಿಶ್ ಮುಟ್ಟಿಸಲೇಬಾರದು ಎಂದು ಆ ಕಾಲದ ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತಿತ್ತಂತೆ. ಅಂಗಡಿಯವರಿಗೆ ಅದು ಗೊತ್ತಿರಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ, ‘ಪಳಪಳ ಅನ್ಬೇಕು’ ಎಂದು ಹೇಳಿ ಬಂದವನು ನಾನೇ.

ಇದಾದ ಮೇಲೆ ಅವರು ಎರಡರ ಗ್ಲಾಸನ್ನೂ ಅಕ್ಕಪಕ್ಕ ಹಿಡಿದು ನನಗೆ ತೋರಿಸಿದರು. ಅಲ್ಲಿಯವರೆಗೆ ಇದು ಜೋಡಿ ಎಂದೇ ನನ್ನ ನಂಬಿಕೆ. ಕೊಳಕು ದೀಪದ ಗ್ಲಾಸಿನ ಮೇಲೆ ಉದ್ದುದ್ದ ಗೆರೆ, ಹೆಂಚಿನ ಸಾಲಿನ ಹಾಗೆ. ಇನ್ನೊಂದರ ನಡುಭಾಗ ಹೆಚ್ಚುಕಮ್ಮಿ ಸಾದಾ. ‘ಇದು ಎಸ್‌ಎಫ್‌ಟಿ, ಮಂಜಿನ ದೀಪ. ಅದು ಎಸ್‌ಎಲ್‌ಆರ್ ಇದ್ದಿರಬೇಕು, ದೂರ ಹೊಡೆಯೋ ದೀಪ.’ ನನ್ನ ಮುಖ ಬಾಡಿತು. ಜೋಡಿಯೂ ಅಲ್ಲವೇ!

‘ಅಯ್ಯೋ, ಹೀಗೇ ಇರಬೇಕ್ರೀ ಸೆಟ್ಟು,’ ಎಂದು ನಕ್ಕರು. ‘ತಿಳಿದವರು ಒಂದು ಇದು, ಒಂದು ಅದು ಹಾಕಿಸ್ತಿದ್ರು. ನಿಮ್ಮಜ್ಜ ಯಾವ ರಸ್ತೇಲಿ ಓಡಾಡ್ತಿದ್ರು?’

ಚಾರ್ಮಾಡಿ, ಎಂದೆ. ಧರ್ಮಸ್ಥಳಕ್ಕೆ, ಮಂಗಳೂರಿಗೆ.

ಅವರು ಬೆಂಚಿನ ಮೇಲೆ ಸೀಮೆಸುಣ್ಣದಿಂದ ಒಂದು ರಸ್ತೆ ಬರೆದರು. ಮಂಜಿನಲ್ಲಿ ಬೆಳಕು ಎತ್ತರಕ್ಕೆ ಹೋದರೆ ಹನಿಗಳಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ನಿಂತಂತೆ. ಹೆಡ್‌ಲೈಟನ್ನು ಫುಲ್ ಬೀಮಿಗೆ ಹಾಕಿ ಕೊಟ್ಟಿಗೆಹಾರ ದಾಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದಕ್ಕೇ ಮಂಜಿನ ದೀಪವನ್ನು ಬಂಪರಿನ ಮಟ್ಟಕ್ಕೆ, ತಗ್ಗಿಗೆ ಕಟ್ಟುತ್ತಾರೆ. ಗ್ಲಾಸಿನ ಗೆರೆಗಳು ಬೆಳಕನ್ನು ಅಡ್ಡಕ್ಕೆ ಹರಡಿ, ಮೇಲಕ್ಕೆ ಏಳದ ಹಾಗೆ ಹಾಸುತ್ತವೆ. ಒಂದೇ ಇದ್ದರೆ ಎಡಗಡೆಗೆ. ಮಂಜಿನಲ್ಲಿ ಡ್ರೈವರ್ ನೋಡುವುದು ರಸ್ತೆಯನ್ನಲ್ಲ, ರಸ್ತೆಯ ಎಡ ಅಂಚನ್ನು, ಮೋರಿಯ ಕಲ್ಲನ್ನು. ದೂರದ ದೀಪ ಬಲಗಡೆಗೆ, ಮಂಜು ಕಳೆದ ಮೇಲೆ ಉಜಿರೆಯ ನೇರ ರಸ್ತೆಗೆ. ಅಜ್ಜ ಅಲ್ಪಸ್ವಲ್ಪ ಜಿಪುಣ ಎಂದು ಮನೆಯಲ್ಲಿ ಮಾತಿದೆ, ಆದರೆ ಇಲ್ಲಿ ಲೆಕ್ಕ ಸರಿಯಾಗಿಯೇ ಹಾಕಿದ್ದ.

ಬೆಲೆಯ ಮಾತಿಗೆ ಬರುವ ಮುನ್ನ ಚಹಾ ಬಂತು. ದೊಡ್ಡ ದೀಪಗಳ ಕತೆ ಹೇಳಿದರು. ಲ್ಯೂಕಾಸ್‌ನದ್ದೇ ಪಿ 100, ಬೆಂಟ್ಲಿ, ರೋಲ್ಸ್-ರಾಯ್ಸ್ ಮುಂದೆ ಕೊಳಗದ ಹಾಗೆ ಕೂರುವಂಥದ್ದು, ಅದರ ಅಸಲಿ ಜೋಡಿ ಸಿಕ್ಕರೆ ಮನೆ ಮಂದಿಯೆಲ್ಲ ಕೂತು ಮಾತಾಡುವ ಬೆಲೆ. ಫ್ರಾನ್ಸಿನ ಮಾರ್ಷಲ್ ಕಂಪನಿಯದ್ದಾದರೆ ಬೆಕ್ಕಿನ ಮುಖದ ಗುರುತು. ಅಲ್ಲಿ 1936ರಿಂದ 1993ರವರೆಗೂ ಹೆಡ್‌ಲೈಟೇ ಹಳದಿ ಇರಬೇಕೆಂಬ ಕಾನೂನಿತ್ತು, ಹಳದಿ ಬಲ್ಬಿನ ಸಮೇತ ಸಿಕ್ಕರೆ ಹುಡುಕಿಕೊಂಡು ಬರುವವರಿದ್ದಾರಂತೆ. ‘ನಿಮ್ಮದು ಆ ಮಟ್ಟದ್ದಲ್ಲ,’ ಎಂದು ಸ್ಪಷ್ಟವಾಗಿಯೇ ಹೇಳಿದರು. ನನಗೆ ಅದು ಇಷ್ಟವಾಯಿತು. ಕೊಳ್ಳುವವರು ಹೆಚ್ಚಾಗಿದ್ದಾರೆ ಎಂಬುದೂ ನಿಜ. 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಎಂಬ ಪ್ರತ್ಯೇಕ ನೋಂದಣಿ ಬಂದ ಮೇಲೆ, ಶೆಡ್ಡಿನಲ್ಲಿ ಕೊಳೆಯುತ್ತಿದ್ದವನ್ನೂ ಜನ ಎಬ್ಬಿಸುತ್ತಿದ್ದಾರೆ, ಅವಕ್ಕೆ ಆ ಕಾಲದ್ದೇ ಸಾಮಾನು ಬೇಕು.

‘ಇದಕ್ಕೆ ಎಂಟು ಸಾವಿರ ನಾನೇ ಕೊಡ್ತೀನಿ, ಈಗಲೇ. ಗ್ಲಾಸ್ ಸೀಳಿಲ್ಲ, ಬ್ರಾಕೆಟ್ ಇದೆ, ಹೋಲ್ಡರ್ ಇದೆ, ನಂಬರ್ ಇದೆ, ಯಾರೂ ಕೈ ಹಾಕಿಲ್ಲ.’

‘ಅದಕ್ಕೆ?’

‘ಹೊಳೆಯೋದಕ್ಕಾ? ಒಂದೂವರೆ. ಗ್ಲಾಸಿಗೋಸ್ಕರ.’

ಪಾಲಿಶಿಗೆ ಕೊಟ್ಟ ದುಡ್ಡಿಗಿಂತ ಮುನ್ನೂರು ಕಡಿಮೆ. ಇದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಚಹಾ ಮುಗಿಸಿದೆ.

ಕೊಡುವುದಿಲ್ಲ ಎಂದೆ. ಅವರಿಗೂ ಗೊತ್ತಿತ್ತು. ಆದರೂ ಕೊಳಕು ದೀಪದ ರಿಮ್ ಬಿಚ್ಚಿ, ರಬ್ಬರ್ ಸಡಿಲಿಸಿ, ಬಲ್ಬ್ ಹಾಕಿ ನೋಡೋಣ ಎಂದು ಕೂತರು. ಗ್ಲಾಸ್ ಎತ್ತುವಾಗ ರಿಮ್ಮಿನ ಸಂದಿಯಿಂದ ಏನೋ ಸುಲಿದು ಬಂತು. ಚಿಮಟದಲ್ಲಿ ಹಿಡಿದರು. ಉಗುರಿನಗಲದ, ಸುಟ್ಟ ಅಂಚಿನ ಹಳದಿ ಜಿಲೆಟಿನ್ ಹಾಳೆಯ ಚೂರು. ಮಂಜಿಗೆ ಹಳದಿ ಬೇಕೆಂದು ಆಗೆಲ್ಲ ಹೀಗೆ ಒಳಗೆ ಹಾಳೆ ಇಡುತ್ತಿದ್ದರು ಎಂದರು. ಹಳದಿಯಿಂದ ದೊಡ್ಡ ಉಪಯೋಗವೇನೂ ಇಲ್ಲ, ದೀಪ ತಗ್ಗಿಗಿದ್ದರೆ ಸಾಕು ಎಂದೂ ಸೇರಿಸಿದರು. ಬ್ಯಾಟರಿಗೆ ತಂತಿ ಮುಟ್ಟಿಸಿದಾಗ ಎದುರಿನ ಅಂಗಡಿಯ ಷಟರಿನ ಮೇಲೆ ಬೆಳಕಿನ ಒಂದು ಪಟ್ಟಿ ಬಿತ್ತು. ಮೇಲಿನ ಅಂಚು ದಾರ ಹಿಡಿದು ಕತ್ತರಿಸಿದಂತೆ ನೇರ.

ಆ ಚೂರನ್ನು ಬಸ್ ಟಿಕೆಟಿನೊಳಗೆ ಮಡಚಿಟ್ಟುಕೊಂಡು, ಕಾರಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ.

‘ಅಯ್ಯೋ, ಅದು ಗೂಡುದೀಪದ ಹಾಳೆ ಕಣೋ,’ ಎಂದಳು. ‘ದೀಪಾವಳಿಗೆ ತಂದಿದ್ದರಲ್ಲಿ ಮಿಕ್ಕಿದ್ದು. ಅಪ್ಪ ಗ್ಲಾಸ್ ಬಿಚ್ಚಿ ಹಿಡ್ಕೊಂಡಿದ್ರು, ನಾನು ಕತ್ತರಿಸಿ ಕೂರಿಸಿದೆ. ಇನ್ನೊಂದಕ್ಕೆ ಬೇಡ ಅಂದ್ರು, ನಾನು ಕೇಳ್ಲಿಲ್ಲ, ಅದಕ್ಕೆ ಕೆಂಪು ಹಾಕಿದ್ದೆ. ಬೈದು ತೆಗೆದ್ರು, ಪೂರ್ತಿ ಬರಲಿಲ್ಲ. ಅಂಚಲ್ಲಿ ಇನ್ನೂ ಇರಬೇಕು, ಅದನ್ನೂ ಬಿಚ್ಚಿ ನೋಡು.’

ಪಕ್ಕದ ಸೀಟಿನಲ್ಲಿ ಅದು ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ‘ನೋಡ್ತೀನಿ,’ ಎಂದೆ.