ಗೇರ್‌ಬಾಕ್ಸ್ ಬದಲಾಯಿತು, ಸೆಲ್ಫ್ ಯಾಕೆ ತಗೊಳ್ತಿಲ್ಲ?

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ ಮ್ಯಾನ್ಯುಯಲ್ ಕೂರಿಸಿದ ಮೇಲೆ ಕೀ ತಿರುಗಿಸಿದರೆ ಗಾಡಿ ಸದ್ದೇ ಮಾಡಲಿಲ್ಲ ಅಂದ್ರೆ ಎಲ್ಲರ ಕಣ್ಣೂ ಮೊದಲು ಹೋಗೋದು ಸೆಲ್ಫ್ ಮೋಟರ್ ಮೇಲೆ. ಅದನ್ನು ಕೊನೆಗೆ ನೋಡಿ ಅಂತೀನಿ ನಾನು. ಬಿಚ್ಚೋವರೆಗೂ ಚೆನ್ನಾಗಿ ತಿರುಗುತ್ತಿದ್ದ ಮೋಟರ್, ಪಕ್ಕದ ಗೇರ್‌ಬಾಕ್ಸ್ ಇಳಿಸಿದ್ದಕ್ಕೆ ಕೆಡೋದು ತುಂಬಾ ಅಪರೂಪ. ಕರೆಂಟ್ ಅದನ್ನು ಮುಟ್ಟೋ ದಾರಿ ಎಲ್ಲೋ ಕಡಿದಿರುತ್ತದೆ. ಇಲ್ಲಾ ಮೋಟರ್‌ನಿಂದ ಬ್ಯಾಟರಿಗೆ ವಾಪಸ್ ಬರೋ ದಾರಿ ಹಾಳಾಗಿರುತ್ತದೆ. ನಾವು ಕೆಲಸ ಮಾಡಿದ ಗಾಡಿಯಲ್ಲಿ ಎರಡೂ ಇತ್ತು.

ಗಾಡಿ ನನ್ನ ಗೆಳೆಯನದ್ದು. 1990ರ ಫೋರ್ಡ್ ಮಸ್ಟ್ಯಾಂಗ್, 5.0 ಲೀಟರ್ ವಿ8. ಇಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಈ ಗಾಡಿ ಅಂದ್ರೆ ಜನಕ್ಕೆ ತುಂಬಾ ಅಭಿಮಾನ, ಯಾಕಂದ್ರೆ 1964ರಿಂದ 2004ರವರೆಗೆ ಮಸ್ಟ್ಯಾಂಗ್ ತಯಾರಾಗುತ್ತಿದ್ದ ಡಿಯರ್‌ಬಾರ್ನ್ ಕಾರ್ಖಾನೆ ನಮ್ಮ ಊರಿನ ಪಕ್ಕದಲ್ಲೇ ಇತ್ತು. 1979ರಿಂದ 1993ರವರೆಗಿನ ಮಾಡೆಲ್‌ಗಳನ್ನು ಇಲ್ಲಿ ಫಾಕ್ಸ್ ಬಾಡಿ ಅಂತಾರೆ. ಗೆಳೆಯನ ಗಾಡಿಯಲ್ಲಿ ಇದ್ದದ್ದು ನಾಲ್ಕು ಗೇರಿನ ಎಒಡಿ ಆಟೋಮ್ಯಾಟಿಕ್. ಅದನ್ನು ತೆಗೆದು ಐದು ಗೇರಿನ ಟಿ5 ಹಾಕಿದೆವು. ಪೆಡಲ್ ಸೆಟ್, ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ), ಫ್ಲೈವೀಲ್ (ಎಂಜಿನ್ ಹಿಂದೆ ತಿರುಗೋ ಹಲ್ಲಿನ ಚಕ್ರ), ಕ್ಲಚ್ ಕೇಬಲ್ ಎಲ್ಲಾ ಹಳೆಯ ಮ್ಯಾನ್ಯುಯಲ್ ಗಾಡಿಯಿಂದ ತಂದದ್ದು. ಇಲ್ಲೊಂದು ಮಾತು ನೆನಪಿರಲಿ. ಎಒಡಿಯಲ್ಲಿ ಫ್ಲೈವೀಲ್ ಜಾಗದಲ್ಲಿರೋ ಫ್ಲೆಕ್ಸ್‌ಪ್ಲೇಟ್‌ಗೆ 164 ಹಲ್ಲು, ಟಿ5 ಜೊತೆ ಬರೋ ಫ್ಲೈವೀಲ್‌ಗೆ 157. ಅದಕ್ಕೇ ಬೆಲ್ ಹೌಸಿಂಗ್, ಫ್ಲೈವೀಲ್ ಎರಡನ್ನೂ ಒಂದೇ ಗಾಡಿಯಿಂದ ತರೋದು ಒಳ್ಳೆಯದು. ಇಲ್ಲದಿದ್ದರೆ ಸೆಲ್ಫ್‌ನ ಪಿನಿಯನ್ (ತುದಿಯ ಸಣ್ಣ ಹಲ್ಲುಚಕ್ರ) ಆ ಹಲ್ಲಿಗೆ ಸರಿಯಾಗಿ ಕೂರಲ್ಲ, ಆಮೇಲೆ ವೈರಿಂಗ್ ಎಷ್ಟು ನೋಡಿದರೂ ಪ್ರಯೋಜನ ಇಲ್ಲ.

ಎಲ್ಲಾ ಜೋಡಿಸಿ, ಬ್ಯಾಟರಿ ಹಾಕಿ, ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ಲೈಟು ಉರಿಯಿತು, ಫ್ಯೂಯಲ್ ಪಂಪಿನ ಸದ್ದು ಬಂತು, ಆದರೆ ಸೆಲ್ಫ್ ಮಾತ್ರ ಇಲ್ಲ. ಟಕ್ ಅಂತಲೂ ಅನ್ನಲಿಲ್ಲ.

"ಹೊಸ ಸೆಲ್ಫೇ ತಂದುಬಿಡೋಣ ಕಣೋ, ಇದೂ ಹಳೇದಾಯ್ತು" ಅಂದ ಗೆಳೆಯ.

"ತಡಿಯೋ, ಮೊದಲು ಎಲ್ಲಿವರೆಗೆ ಕರೆಂಟ್ ಬರ್ತಿದೆ ನೋಡೋಣ" ಅಂದೆ.

ಈ ಗಾಡಿಯಲ್ಲಿ ಒಂದು ಅನುಕೂಲ ಇದೆ. ಸ್ಟಾರ್ಟರ್ ರಿಲೇ, ಅಂದ್ರೆ ಸೆಲ್ಫ್‌ಗೆ ಕರೆಂಟ್ ಕೂಡಿಸೋ ಸ್ವಿಚ್, ಬೋನೆಟ್ ಎತ್ತಿದ ತಕ್ಷಣ ಕೈಗೆ ಸಿಗುತ್ತೆ, ಬ್ಯಾಟರಿ ಪಕ್ಕದಲ್ಲೇ, ಫೆಂಡರ್‌ನ ಒಳಗೋಡೆಗೆ ಬೋಲ್ಟ್ ಮಾಡಿರುತ್ತಾರೆ. ಅದರಲ್ಲಿ ಎರಡು ದಪ್ಪ ಬೋಲ್ಟ್. ಒಂದಕ್ಕೆ ಬ್ಯಾಟರಿಯ ಕೇಬಲ್, ಇನ್ನೊಂದರಿಂದ ಕೆಳಗೆ ಸೆಲ್ಫ್‌ಗೆ ಹೋಗೋ ಕೇಬಲ್. ಜೊತೆಗೆ ಎಸ್ ಅನ್ನೋ ಸಣ್ಣ ಟರ್ಮಿನಲ್. ಕೀ ತಿರುಗಿಸಿದಾಗ ಕೆಂಪು ಮೈ, ತಿಳಿ ನೀಲಿ ಗೆರೆ ಇರೋ ವೈರ್‌ನಲ್ಲಿ ಆ ಎಸ್‌ಗೆ 12 ವೋಲ್ಟ್ ಬಂದರೆ ರಿಲೇ ಒಳಗೆ ಎರಡು ದಪ್ಪ ಬೋಲ್ಟ್ ಸೇರಿಕೊಳ್ಳುತ್ತವೆ, ಸೆಲ್ಫ್ ತಿರುಗುತ್ತದೆ. ಅಂದ್ರೆ ಇಡೀ ಸರ್ಕ್ಯೂಟ್‌ನ ನಡುಭಾಗ ಇದೇ. ಮೊದಲ ಪರೀಕ್ಷೆ ಇಲ್ಲೇ ಮಾಡಿದರೆ ಅರ್ಧ ಕೆಲಸ ಮುಗೀತು.

ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಇಗ್ನಿಷನ್ ಕಾಯಿಲ್‌ನ ಕಪ್ಲರ್ (ವೈರ್ ಸೇರೋ ಪ್ಲಗ್) ಬಿಚ್ಚಿಟ್ಟೆವು. ಇಷ್ಟು ಮಾಡದೆ ದಯವಿಟ್ಟು ಯಾರೂ ರಿಲೇ ಮುಟ್ಟಬೇಡಿ. ಆಮೇಲೆ ಎಸ್‌ನಿಂದ ವೈರ್ ಕಿತ್ತು ಟೆಸ್ಟ್ ಲ್ಯಾಂಪ್ ಹಿಡಿದೆ. ಗೆಳೆಯ ಕ್ಲಚ್ ಒತ್ತಿ ಕೀ ತಿರುಗಿಸಿದ. ದೀಪ ಹತ್ತಲಿಲ್ಲ. ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ತಂದು ಎಸ್‌ಗೆ ಒಂದು ಕ್ಷಣ ಮುಟ್ಟಿಸಿದೆ. ರಿಲೇ ಟಕ್ ಅಂತು, ಎಂಜಿನ್ ತಿರುಗಿತು. ಸ್ವಲ್ಪ ಎಳೆದುಕೊಂಡೇ ತಿರುಗಿತು, ಅದಕ್ಕೆ ಆಮೇಲೆ ಬರ್ತೀನಿ. ಸದ್ಯಕ್ಕೆ ಗೊತ್ತಾಗಿದ್ದು ಇಷ್ಟು: ಬ್ಯಾಟರಿ, ರಿಲೇ, ಸೆಲ್ಫ್ ಮೂರೂ ಜೀವಂತ ಇವೆ, ಕೀಯಿಂದ ರಿಲೇವರೆಗಿನ ಸಣ್ಣ ವೈರ್ ಎಲ್ಲೋ ತುಂಡಾಗಿದೆ.

ಇಂಥ ಕಡೆ ನನಗೆ ಮಲ್ಟಿಮೀಟರ್‌ಗಿಂತ ಟೆಸ್ಟ್ ಲ್ಯಾಂಪ್ ಮೇಲೆ ನಂಬಿಕೆ ಜಾಸ್ತಿ. ಮೀಟರ್ ಕರೆಂಟನ್ನೇ ಎಳೆಯೋದಿಲ್ಲ. ತುಕ್ಕು ಹಿಡಿದ ಪಿನ್ ಸುಮ್ನೆ ತಾಗಿಕೊಂಡಿದ್ದರೂ ಅದು 12 ವೋಲ್ಟ್ ಅಂತಲೇ ತೋರಿಸುತ್ತೆ. ದೀಪ ಉರಿಯೋಕೆ ಕರೆಂಟ್ ಬೇಕು. ಅದಕ್ಕೇ ಅಂಥ ವೈರ್‌ನಲ್ಲಿ ಒಂದೋ ಮಂಕಾಗಿ ಉರಿಯುತ್ತೆ, ಇಲ್ಲಾ ಉರಿಯೋದೇ ಇಲ್ಲ. ಆದರೆ ಎಂಜಿನ್ ಕಂಪ್ಯೂಟರ್‌ಗೆ ಹೋಗೋ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ, ಅಲ್ಲಿ ಮೀಟರೇ ಸರಿ.

ಈಗ ಆ ಸಣ್ಣ ವೈರ್‌ನ ದಾರಿ. ಸ್ಟೀರಿಂಗ್ ಕಾಲಂ ಮೇಲಿನ ಇಗ್ನಿಷನ್ ಸ್ವಿಚ್, ಅಲ್ಲಿಂದ ಕ್ಲಚ್ ಪೆಡಲ್ ಮೇಲ್ಗಡೆಯ ಕಪ್ಲರ್, ಅಲ್ಲಿಂದ ಗೇರ್‌ಬಾಕ್ಸ್ ಪಕ್ಕದ ನ್ಯೂಟ್ರಲ್ ಸೇಫ್ಟಿ ಸ್ವಿಚ್, ಆಮೇಲೆ ರಿಲೇ. ಆಟೋಮ್ಯಾಟಿಕ್ ಗಾಡಿಯಲ್ಲಿ ಈ ನ್ಯೂಟ್ರಲ್ ಸ್ವಿಚ್ಚೇ ಕಾವಲುಗಾರ. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಕರೆಂಟ್ ಬಿಡುತ್ತೆ. ಎಒಡಿ ಕೆಳಗಿಳಿದಾಗ ಅದರ ಜೊತೆ ಕಾವಲುಗಾರನೂ ಹೋದ. ವೈರ್‌ನ ಕಪ್ಲರ್ ಮಾತ್ರ ಗಾಡಿ ಅಡಿಯಲ್ಲಿ ನೇತಾಡಿಕೊಂಡು ಉಳಿಯಿತು. ಅದರಲ್ಲಿ ನಾಲ್ಕು ವೈರ್, ಎರಡು ಸೆಲ್ಫ್‌ಗೆ, ಎರಡು ರಿವರ್ಸ್ ಲೈಟ್‌ಗೆ.

ಇಲ್ಲಿ ತುಂಬಾ ಜನ ಮಾಡೋ ಕೆಲಸ ಒಂದಿದೆ. ಸೆಲ್ಫ್‌ನ ಎರಡು ವೈರ್ ಸಿಪ್ಪೆ ಸುಲಿದು, ತಿರುಚಿ ಸೇರಿಸಿ, ಟೇಪ್ ಸುತ್ತಿ, ಗಾಡಿ ಸ್ಟಾರ್ಟ್ ಆಯಿತು ಅಂತ ಹೊರಟುಬಿಡೋದು. ನನಗೆ ಇದು ಕಂಡರೇ ಆಗಲ್ಲ. ನಾವು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ನೋಡಿದಾಗ ಕ್ಲಚ್ ಸ್ವಿಚ್‌ನ ಜಾಗದಲ್ಲಿ ಕಪ್ಲರ್ ಇತ್ತು, ಅದರ ಬಾಯಿಗೆ ಒಂದು ಸಣ್ಣ ಜಂಪರ್, ಅಂದ್ರೆ ಎರಡು ಪಿನ್ ನೇರವಾಗಿ ಸೇರಿಸೋ ತುಂಡು, ಚುಚ್ಚಿತ್ತು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಇಲ್ಲವಲ್ಲ, ದಾರಿ ಕಡಿಯದಿರಲಿ ಅಂತ ಹಾಗೆ. ಆ ಜಂಪರ್ ಹಾಗೇ ಬಿಟ್ಟು ಕೆಳಗಿನ ವೈರನ್ನೂ ಸೇರಿಸಿಬಿಟ್ಟರೆ ಕಾವಲೇ ಇರಲ್ಲ. ಗಾಡಿ ಫಸ್ಟ್ ಗೇರ್‌ನಲ್ಲಿ ನಿಂತಿದೆ ಅಂದುಕೊಳ್ಳಿ. ಮನೆಯ ಮಗು ಹತ್ತಿ ಕೂತು ಕೀ ತಿರುಗಿಸಿದರೆ ಸೆಲ್ಫ್ ಮೋಟರೇ ಗಾಡಿಯನ್ನು ಮುಂದಕ್ಕೆ ನೂಕುತ್ತೆ. ವಿ8 ಎಂಜಿನ್ ತಿರುಗಿಸೋ ಮೋಟರ್‌ಗೆ ಫಸ್ಟ್ ಗೇರ್‌ನಲ್ಲಿ ಗಾಡಿ ಎಳೆಯೋದು ಕಷ್ಟ ಅಲ್ಲ. ಎದುರಿಗೆ ಯಾರಿರ್ತಾರೋ ಯಾರಿಗೆ ಗೊತ್ತು?

ಅದಕ್ಕೆ ಸರಿಯಾದ ಕ್ರಮ ಹೀಗೆ. ಕೆಳಗೆ, ಗೇರ್‌ಬಾಕ್ಸ್ ಹತ್ತಿರ, ಸೆಲ್ಫ್‌ನ ಎರಡು ವೈರನ್ನು ಗಟ್ಟಿಯಾಗಿ ಕ್ರಿಂಪ್ ಮಾಡಿ, ನೀರು ಹೋಗದ ಹಾಗೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಸೇರಿಸಿ. ಮೇಲೆ, ಜಂಪರ್ ಕಿತ್ತು ಅಲ್ಲಿ ನಿಜವಾದ ಕ್ಲಚ್ ಸ್ವಿಚ್ ಹಾಕಿ. ಕಾವಲು ಗೇರ್‌ಬಾಕ್ಸ್‌ನಿಂದ ಪೆಡಲ್‌ಗೆ ಬಂತು, ಅಷ್ಟೇ.

ನಾವು ಹಾಗೇ ಮಾಡಿದೆವು. ಆದರೂ ಎಸ್ ವೈರ್‌ನಲ್ಲಿ ದೀಪ ಹತ್ತಲಿಲ್ಲ. ಮತ್ತೆ ಡ್ಯಾಶ್ ಕೆಳಗೆ. ಕ್ಲಚ್ ಸ್ವಿಚ್‌ಗೆ ಬರೋ ಕಡೆ ದೀಪ ಜೋರಾಗಿ ಉರಿಯಿತು, ಹೋಗೋ ಕಡೆ ಇಲ್ಲ. ಸ್ವಿಚ್ ಬಿಚ್ಚಿ ಕೈಯಲ್ಲಿ ಪೂರ್ತಿ ಒತ್ತಿದರೆ ಸರಿಯಾಗಿ ಕೂಡುತ್ತಿತ್ತು. ಪೆಡಲ್ ಒತ್ತಿದಾಗ ಮಾತ್ರ ಕೂಡುತ್ತಿರಲಿಲ್ಲ. ಕಾರಣ ಎಲೆಕ್ಟ್ರಿಕಲ್ ಅಲ್ಲವೇ ಅಲ್ಲ. ನೆಲಕ್ಕೆ ಹಾಸಿದ್ದ ದಪ್ಪ ರಬ್ಬರ್ ಮ್ಯಾಟ್‌ಗೆ ಪೆಡಲ್ ತಾಗಿ ತಳದವರೆಗೂ ಹೋಗುತ್ತಿರಲಿಲ್ಲ. ಈ ಸ್ವಿಚ್ ಕೂಡೋದು ಪೆಡಲ್ ಪೂರ್ತಿ ಕೆಳಗಿಳಿದಾಗ ಮಾತ್ರ. ಮ್ಯಾಟ್ ಎಳೆದು ಬಿಸಾಕಿದ ಮೇಲೆ ರಿಲೇ ಟಕ್ ಅಂತು.

ಈಗ ಆ ಎಳೆದುಕೊಂಡು ತಿರುಗಿದ ವಿಷಯ. ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ಇತ್ತು, ಅಂದ್ರೆ ಪೂರ್ತಿ ಚಾರ್ಜ್. ಸೆಲ್ಫ್ ಹೊಡೆದಾಗಲೂ ಬ್ಯಾಟರಿ ತಲೆಯ ಮೇಲೆ ಹತ್ತಕ್ಕಿಂತ ಜಾಸ್ತಿ ನಿಂತಿತ್ತು. ಆದರೂ ಎಂಜಿನ್ ಕಷ್ಟಪಟ್ಟು ತಿರುಗುತ್ತಿತ್ತು, ಕೆಲವು ಸಲ ರಿಲೇ ಟಕಟಕ ಅಂತ ಬಡಿದುಕೊಳ್ಳುತ್ತಿತ್ತು. ಗೆಳೆಯ ಬೋನೆಟ್ ಒಳಗೆ ಕೈ ಹಾಕಿ ಹೊಸ ಕ್ಲಚ್ ಕೇಬಲ್ ಮುಟ್ಟಿ "ಇದ್ಯಾಕೋ ಬಿಸಿ ಇದೆ?" ಅಂದ. ನನಗೆ ಅಲ್ಲೇ ಅರ್ಥ ಆಯಿತು.

ಫಾಕ್ಸ್ ಬಾಡಿಯಲ್ಲಿ ಕ್ಲಚ್ ಕೇಬಲ್ ಅಂದ್ರೆ ಉಕ್ಕಿನ ತಂತಿ. ಒಂದು ತುದಿ ಪೆಡಲ್ ಹತ್ತಿರ, ಅಂದ್ರೆ ಬಾಡಿಯಲ್ಲಿ. ಇನ್ನೊಂದು ತುದಿ ಬೆಲ್ ಹೌಸಿಂಗ್‌ನಲ್ಲಿ, ಅಂದ್ರೆ ಎಂಜಿನ್ ಕಡೆ. ಎಂಜಿನ್‌ನ ಅರ್ತಿಂಗ್ (ಬ್ಯಾಟರಿಯ ಮೈನಸ್‌ಗೆ ಇರೋ ಜೋಡಣೆ) ಸರಿ ಇಲ್ಲದಿದ್ದರೆ ಸೆಲ್ಫ್‌ನ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋಕೆ ಬೇರೆ ದಾರಿ ಹುಡುಕುತ್ತೆ, ಆಗ ಈ ಕೇಬಲ್ ಸಿಗುತ್ತೆ. ಆಟೋಮ್ಯಾಟಿಕ್ ಇದ್ದಾಗ ಈ ಕೇಬಲ್ಲೇ ಇರಲಿಲ್ಲ, ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಹುಟ್ಟಿದ ಹೊಸ ದಾರಿ ಇದು. ಹೀಗೇ ಬಿಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗಿ ಕ್ಲಚ್ ಹಿಡಿದುಕೊಳ್ಳುತ್ತೆ, ಆಮೇಲೆ ಕೇಬಲ್ ಕಳಪೆ ಅಂತ ಬೈತೀವಿ.

ಅರ್ತಿಂಗ್ ಪರೀಕ್ಷೆಗೆ ಓಮ್ ಅಳೆಯೋದು ವ್ಯರ್ಥ. ಲೆಕ್ಕ ನೋಡಿ. ಇಂಥ ಎಂಜಿನ್ ತಿರುಗಿಸುವಾಗ ಸೆಲ್ಫ್ ಸುಮಾರು 150 ಆಂಪಿಯರ್ ಎಳೆಯುತ್ತೆ ಅಂದುಕೊಳ್ಳಿ. ದಾರಿಯಲ್ಲಿ ಬರೀ 0.01 ಓಮ್ ತಡೆ ಇದ್ದರೂ ಸಾಕು, 1.5 ವೋಲ್ಟ್ ಅಲ್ಲೇ ಸತ್ತುಹೋಯಿತು. ಆ 0.01 ಓಮನ್ನು ಮಾಮೂಲಿ ಮೀಟರ್ ಸೊನ್ನೆ ಅಂತಲೇ ತೋರಿಸುತ್ತೆ. ಅದಕ್ಕೆ ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ತಲೆಗೆ, ಕ್ಲ್ಯಾಂಪ್‌ಗಲ್ಲ, ಸೀಸದ ತಲೆಗೇ. ಇನ್ನೊಂದು ಎಂಜಿನ್ ಬ್ಲಾಕ್‌ನ ಮೇಲೆ ಪೇಂಟ್ ಇಲ್ಲದ ಲೋಹಕ್ಕೆ. ಈಗ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗೆ ಇದ್ದರೆ ಚೆನ್ನಾಗಿದೆ. ನಮಗೆ ಬಂದದ್ದು 1.4. ಪ್ಲಸ್ ಕಡೆಯೂ ಹಾಗೇ ನೋಡಿದೆವು, ಬ್ಯಾಟರಿ ತಲೆಯಿಂದ ಸೆಲ್ಫ್‌ನ ಬೋಲ್ಟ್‌ವರೆಗೆ. ಅಲ್ಲಿ 0.3, ಅರ್ಧ ವೋಲ್ಟ್ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ.

ಬ್ಯಾಟರಿಯ ಮೈನಸ್ ಕೇಬಲ್ ಎಂಜಿನ್‌ಗೆ ಕೂತಿದ್ದ ಬೋಲ್ಟ್ ಬಿಚ್ಚಿದರೆ ಕೆಳಗೆ ತುಕ್ಕಿನ ಪುಡಿ ಉದುರಿತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಮೂವತ್ತು ವರ್ಷ ದಾಟಿದ ಗಾಡಿಯಲ್ಲಿ ಇದು ಇದ್ದದ್ದೇ. ಎಂಜಿನ್‌ನ ಹಿಂಭಾಗದಿಂದ ಫೈರ್‌ವಾಲ್‌ಗೆ (ಎಂಜಿನ್‌ಗೂ ಕೂರೋ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹೋಗೋ ಹೆಣೆದ ತಾಮ್ರದ ಪಟ್ಟಿಯೂ ಅರ್ಧ ಹರಿದಿತ್ತು. ಗೇರ್‌ಬಾಕ್ಸ್ ಇಳಿಸುವಾಗ ಎಂಜಿನ್ ಹಿಂದಕ್ಕೆ ವಾಲುತ್ತದೆ, ಆಗ ಆ ಪಟ್ಟಿ ಎಳೆದುಕೊಂಡು ಹರಿಯೋದು ಸಹಜ, ಕೆಳಗಿನಿಂದ ಕಾಣೋದೂ ಇಲ್ಲ. ಇನ್ನು ರಿಲೇ. ಅದರ ಕಾಯಿಲ್‌ಗೆ ಬೇರೆ ಅರ್ತ್ ವೈರೇ ಇಲ್ಲ, ಕೂತಿರೋ ತಗಡಿನಿಂದಲೇ ಅರ್ತ್. ಆ ತಗಡಿನ ಕೆಳಗೂ ತುಕ್ಕು. ಟಕಟಕ ಬಡಿದುಕೊಳ್ಳುತ್ತಿದ್ದದ್ದು ಅದಕ್ಕೇ.

ಮೂರೂ ಕಡೆ ಉಪ್ಪುಕಾಗದದಿಂದ ಲೋಹ ಹೊಳೆಯೋವರೆಗೂ ಉಜ್ಜಿ, ಹೊಸ ಪಟ್ಟಿ ಹಾಕಿ, ಬಿಗಿದ ಮೇಲೆ ಗ್ರೀಸ್ ಸವರಿದೆವು. ಮತ್ತೆ ಅಳೆದಾಗ 0.1. ಕೇಬಲ್ ತಣ್ಣಗಿತ್ತು. ಎಂಜಿನ್ ಎಷ್ಟು ಚುರುಕಾಗಿ ತಿರುಗಿತು ಅಂದ್ರೆ ಗೆಳೆಯ ಮಧ್ಯದಲ್ಲೇ ಕೀ ಬಿಟ್ಟು ನಕ್ಕುಬಿಟ್ಟ.

ಕಾಯಿಲ್‌ನ ಕಪ್ಲರ್ ಹಾಕೋ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು, ಇದನ್ನು ಬಿಡಲೇಬೇಡಿ. ಗೇರ್ ನ್ಯೂಟ್ರಲ್‌ನಲ್ಲಿ, ಕ್ಲಚ್ ಮುಟ್ಟದೆ ಕೀ ತಿರುಗಿಸಿ. ಸೆಲ್ಫ್ ತಗೊಳ್ಳಬಾರದು. ತಗೊಂಡರೆ ಎಲ್ಲೋ ಜಂಪರ್ ಉಳಿದಿದೆ ಅಂತಲೇ ಅರ್ಥ.

ಕಂಪ್ಯೂಟರ್ ವಿಷಯವೂ ಒಂದಿದೆ. ಈ ಗಾಡಿಯ ಕಂಪ್ಯೂಟರ್‌ನ 30ನೇ ಪಿನ್ ಗೇರ್ ನ್ಯೂಟ್ರಲ್‌ನಲ್ಲಿದೆಯೋ ಇಲ್ಲವೋ ಅಂತ ತಿಳಿಯೋಕೆ ಇರೋದು. ಆಟೋಮ್ಯಾಟಿಕ್‌ಗೆ ಎ9ಪಿ, ಮ್ಯಾನ್ಯುಯಲ್‌ಗೆ ಎ9ಎಲ್ ಅನ್ನೋ ಕಂಪ್ಯೂಟರ್ ಬರುತ್ತದೆ. ಕ್ಲಚ್ ಸ್ವಿಚ್ ಹತ್ತಿರ ಸೆಲ್ಫ್‌ನ ವೈರೂ ಕಂಪ್ಯೂಟರ್‌ನ ವೈರೂ ಅಕ್ಕಪಕ್ಕದಲ್ಲೇ ಇರುತ್ತವೆ. ಸೆಲ್ಫ್‌ನ 12 ವೋಲ್ಟ್ ಆ ಕಡೆ ತಪ್ಪಿಯೂ ಹೋಗಬಾರದು. ನಿಮ್ಮ ಗಾಡಿಯ ವರ್ಷದ ವೈರಿಂಗ್ ಡಯಾಗ್ರಾಮ್ ಮುಂದಿಟ್ಟುಕೊಂಡೇ ಕೈ ಹಾಕಿ, ಬೇರೆ ವರ್ಷದ್ದು ನಂಬಬೇಡಿ.

ಉಳಿದದ್ದು ರಿವರ್ಸ್ ಲೈಟ್. ನೇತಾಡುತ್ತಿದ್ದ ಆ ಕಪ್ಲರ್‌ನ ಇನ್ನೆರಡು ವೈರನ್ನು ಟಿ5 ಪಕ್ಕದ ರಿವರ್ಸ್ ಸ್ವಿಚ್‌ಗೆ ಎಳೆದರೆ ಆಯಿತು. ಆದರೆ ಟಿ5 ಮೇಲೆ ನ್ಯೂಟ್ರಲ್ ಸ್ವಿಚ್ಚೂ ಇರುತ್ತೆ, ಎರಡೂ ನೋಡೋಕೆ ಹತ್ತಿರಹತ್ತಿರ ಒಂದೇ ತರ. ಮೀಟರ್ ಹಿಡಿದು ಗೇರ್ ಹಾಕಿ ನೋಡಿ, ರಿವರ್ಸ್‌ಗೆ ಹಾಕಿದಾಗ ಮಾತ್ರ ಯಾವುದು ಕೂಡುತ್ತೋ ಅದಕ್ಕೆ ಜೋಡಿಸಿ.