ಉಬ್ಬಿದ ಪ್ಯಾಕೆಟ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ದೋಸೆ ಹಿಟ್ಟು ಮಾರಲು ಶುರುಮಾಡಿದಾಗ ಶಿರಸಿಯ ಅಮ್ಮನ ಲೆಕ್ಕದಿಂದ ಒಂದಿಷ್ಟೂ ಆಚೀಚೆ ಹೋಗಲ್ಲ ಅಂತ ಹಟ ಹಿಡಿದಿದ್ದೆ. ರಾತ್ರಿ ರುಬ್ಬೋದು, ಉಬ್ಬಿದ ಮೇಲೆ ಬೆಳಗ್ಗೆ ಪ್ಯಾಕ್ ಮಾಡೋದು. ಇಲ್ಲಿನ ಮೇ ತಿಂಗಳ ಸೆಖೆಗೆ ಮಧ್ಯಾಹ್ನದೊಳಗೆ ಪ್ಯಾಕೆಟ್‌ಗಳು ಬಲೂನಿನ ಹಾಗಾದವು, ಒಂದಂತೂ ಮೂರನೇ ಮಹಡಿಯ ವಹಿನಿಯ (ಮರಾಠಿಯಲ್ಲಿ ಅತ್ತಿಗೆ, ನೆರೆಯವರನ್ನೂ ಹಾಗೇ ಕರೀತಾರೆ) ಫ್ರಿಜ್ಜಿನಲ್ಲೇ ಒಡೆದು ಅವರ ಶ್ರೀಖಂಡದ ಡಬ್ಬಿ ಮೇಲೆಲ್ಲ ಹರಿದಿತ್ತು. ಎರಡು ತಿಂಗಳು ಹಾಗೇ ಮಾಡಿದೆ. ಅದು ಛಲ ಅಲ್ಲ, ಮೊಂಡುತನ.

ಮುಂಬೈಯ ಮಾಟುಂಗಾದಲ್ಲಿ ದುಡಿದ ದೊಡ್ಡಪ್ಪ ಒಂದು ದಿನ ನಕ್ಕರು. "ಉಡುಪಿಯವರು ಮುಂಬೈಯಲ್ಲಿ ಬರೀ ಇಡ್ಲಿ ಅಂತ ಕೂತಿದ್ರಾ? ಪಾವ್ ಭಾಜಿನೂ ಮಾಡಿದ್ರು, ಚೈನೀಸೂ ಮಾಡಿದ್ರು. ಸಾಂಬಾರ್ ಬಿಟ್ರಾ?" ನಿಜ ಅಲ್ವಾ? ಮಾಟುಂಗಾದಲ್ಲೇ 1942ರಲ್ಲಿ ಶುರುವಾದ ರಾಮಾ ನಾಯಕರ ಬೋರ್ಡಿಂಗ್‌ನಲ್ಲಿ ಇವತ್ತಿಗೂ ಬಾಳೆಎಲೆ ಊಟ ಸಿಗುತ್ತದೆ.

ಈಗ ಬೆಳಗಿನ ನಾಲ್ಕಕ್ಕೆ ಐಸ್ ನೀರು ಹಾಕಿ ರುಬ್ಬುತ್ತೇನೆ, ಯಾಕಂದ್ರೆ ಗ್ರೈಂಡರ್ ಬಿಸಿಯಾದರೆ ಹಿಟ್ಟೂ ಬಿಸಿಯಾಗಿ ಬೇಗ ಹುಳಿ ಬರುತ್ತದೆ. ಉಬ್ಬಿಸದೆ ನೇರ ಫ್ರಿಜ್ಜಿಗೆ. ಎಷ್ಟು ಹೊತ್ತು ಹೊರಗಿಡಬೇಕು ಅಂತ ಪ್ಯಾಕೆಟ್ ಮೇಲೆ ಮರಾಠಿಯಲ್ಲಿ ಚೀಟಿ ಅಂಟಿಸುತ್ತೇನೆ. ಉದ್ದು, ಮೆಂತ್ಯ ಅಮ್ಮನ ಲೆಕ್ಕದ್ದೇ. ಸೋಡಾ ಮಾತ್ರ ಹಾಕಲ್ಲ, ಯಾರು ಎಷ್ಟೇ ಹೇಳಲಿ.

ಅದೇ ವಹಿನಿ ಈಗ ಉತ್ತಪ್ಪಕ್ಕೆ ಗಟ್ಟಿ ಹಿಟ್ಟು ಬೇಕು ಅಂತಿದ್ದಾರೆ. ನಾಲ್ಕು ದಿನದಿಂದ ಟ್ರಯಲ್ ನಡೆದಿದೆ, ನಮ್ಮ ಯಜಮಾನರು ಮೂರು ಹೊತ್ತೂ ಅದನ್ನೇ ತಿಂದು ಮಾತು ಬಿಟ್ಟಿದ್ದಾರೆ.